ಬಿಚ್ಚಿದ ಬೆರಳು

"ಅವನು ಸೋಲಲಿಲ್ಲ ಕಣ್ರಪ್ಪಾ, ಬೇಕಂತ್ಲೇ ಬಿದ್ದ!" ಎಂದು ಕ್ಯಾತಪ್ಪ ಕೂಗಿದಾಗ ಚಳ್ಳಕೆರೆಯ ಕುಸ್ತಿ ಕಣದ ಸುತ್ತ ನಿಂತಿದ್ದವರೆಲ್ಲ ನಕ್ಕರು. ಗೆದ್ದವನನ್ನು ಆಗಲೇ ಹೆಗಲ ಮೇಲೆ ಹೊತ್ತು ಕುಣಿಯುತ್ತಿದ್ದರು. "ಉಳ್ಳಾರ್ತಿ ಕಾವಲಲ್ಲಿ ಸರ್ಕಾರದ ದನ ಕಾಯೋನಿಗೆ ಪಟ್ಟಿನ ವಿಚಾರ ಏನ್ ಗೊತ್ತಲೇ?" ಎಂದ ಒಬ್ಬ. ಕ್ಯಾತಪ್ಪನಿಗೆ ಗೊತ್ತಿತ್ತು. ಇಪ್ಪತ್ತು ವರ್ಷದಿಂದ ತಾನು ನೋಡಿದ ಒಂದೊಂದು ಕುಸ್ತಿಯನ್ನೂ ಆ ಹುಲ್ಲುಗಾವಲ ಬಯಲಲ್ಲಿ ದನಗಳ ಮುಂದೆ ಬಿಡಿಸಿ ಬಿಡಿಸಿ ಹೇಳಿದವನು ಅವನು. ಕೇಳಲು ಬೇರೆ ಯಾರೂ ಇರಲಿಲ್ಲ.

ಸೋತ ಚಿನ್ನಯ್ಯ ಪೈಲ್ವಾನ ಬಾವಿಯ ಬಳಿ ಒಬ್ಬನೇ ಮೈಗಂಟಿದ ಕೆಮ್ಮಣ್ಣು ತೊಳೆಯುತ್ತಿದ್ದ. ಕ್ಯಾತಪ್ಪ ಸೀದಾ ಅಲ್ಲಿಗೇ ಹೋದ. "ಪೈಲ್ವಾನ್ರೆ, ಗೆದ್ದೋನು ಮೀಸೆ ತಿರುವೋದು ಕಲ್ತಾನೆ, ಪಟ್ಟು ಕಲ್ತಿಲ್ಲ. ಅವನ ಹಿಮ್ಮಡಿ ನಿಮ್ಮ ಕೈಯಾಗಿತ್ತು. ನೀವೇ ಬೆರಳು ಬಿಚ್ಚಿದ್ರಿ."

ಚಿನ್ನಯ್ಯ ಚೊಂಬು ಕೆಳಗಿಟ್ಟು ಅತ್ತಿತ್ತ ನೋಡಿದ. "ಮೊದಲೇ ಮಾತಾಗಿತ್ತು," ಎಂದ ಮೆಲ್ಲಗೆ. "ಎಲ್ಲಾ ಊರಾಗೂ ಹಿಂಗೇ. ಬೀಳ್ತೀನಿ ಅಂದ್ರೇನೇ ನನ್ನ ಕರೀತಾರೆ. ಬೆರಳು ಬಿಚ್ಚಿದ್ದನ್ನ ಇಲ್ಲೀತನಕ ಯಾರೂ ಕಂಡಿರಲಿಲ್ಲ." ಆಮೇಲೆ ಅವನೇ ಕೇಳಿದ: "ಬಿಚ್ಚದೇ ಇದ್ದಿದ್ರೆ ಏನಾಗ್ತಿತ್ತು?"

ಕ್ಯಾತಪ್ಪ ಕುಕ್ಕರಗಾಲಲ್ಲಿ ಕೂತು ಗಾಳಿಯಲ್ಲೇ ಹಿಮ್ಮಡಿ ಹಿಡಿದು ತೋರಿಸಿದ. "ಹಿಂಗೆ ಎಳೆದು, ಎದೆಗೆ ಭುಜ ಕೊಟ್ಟಿದ್ರೆ ಸಾಕಿತ್ತು. ಅವನ ಬೆನ್ನು ಮಣ್ಣಿಗೆ ಬೀಳ್ತಿತ್ತು. ನೀವು ಗೆಲ್ತಿದ್ರಿ."

ಚಿನ್ನಯ್ಯ ಒದ್ದೆ ಮೈಯಲ್ಲೇ ಅವನೆದುರು ನೆಲಕ್ಕೆ ಕೂತ. "ಇನ್ನೊಂದ್ಸಲ ಹೇಳಪ್ಪ," ಎಂದ. "ಮೊದಲಿಂದ ಹೇಳು."