ಟ್ಯಾಂಕಿಗೆ ಬಂದ ಜ್ವರ

“ಭೀಮೇಶ್, ಈ ಸಾಲು ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳ್ರಿ,” ಎಂದರು ಜಿಲ್ಲಾ ಆರೋಗ್ಯ ಕಚೇರಿಯ ಯಜ್ಞನಾರಾಯಣ ಸಾಹೇಬರು, ಪರದೆಯತ್ತ ಪೆನ್ನು ತೋರಿಸಿ. ಶಿವಮೊಗ್ಗದ ಸಭಾಂಗಣದಲ್ಲಿ ಜಿಲ್ಲೆಯ ನಾನಾ ಕಡೆಯಿಂದ ಬಂದ ಅರವತ್ತು ಜನ ಕುಳಿತಿದ್ದರು. ಮುಂದೆ ಡೇಟಾ ಆಪರೇಟರ್‌ಗಳು, ಹಿಂದೆ ಆಶಾ ಕಾರ್ಯಕರ್ತೆಯರು. ಪರದೆಯ ಮೇಲಿದ್ದದ್ದು ಒಂದು ಪುಟ್ಟ ಪೈಥಾನ್ ಸ್ಕ್ರಿಪ್ಟ್, ಅಂದರೆ ಕಂಪ್ಯೂಟರ್ ಪ್ರೋಗ್ರಾಂ. ಡೆಂಗ್ಯೂ ಬಂದ ಮನೆಗಳ ಪಟ್ಟಿ ಕೊಟ್ಟರೆ ಊರಿನ ನಕ್ಷೆಯ ಮೇಲೆ ಮನೆಗೊಂದು ಕೆಂಪು ಚುಕ್ಕೆ ಇಡುವಂಥದ್ದು. ಅದರ ನೆತ್ತಿಯಲ್ಲಿ ‘ತಯಾರಿಸಿದವರು: ಭೀಮೇಶ್, ವಿನೋಬನಗರ’ ಎಂದಿತ್ತು.

ಭೀಮೇಶ್ ತಯಾರಿಸಿದ್ದು ಆ ಹೆಸರಿನ ಸಾಲೊಂದನ್ನು ಮಾತ್ರ. ಉಳಿದದ್ದೆಲ್ಲ ಭದ್ರಾವತಿಯ ಆಪರೇಟರ್ ಸುಪ್ರಿಯಾಳದು. ‘ಬೇಕಾದವರು ಬಳಸಿಕೊಳ್ಳಿ’ ಎಂದು ಅವಳು ಆಪರೇಟರ್‌ಗಳ ವಾಟ್ಸಾಪ್ ಗುಂಪಿಗೆ ಹಾಕಿದ್ದಳು. ಶುಭೋದಯದ ಗುಲಾಬಿಗಳ ನಡುವೆ ಅದನ್ನು ತೆರೆದು ನೋಡಿದವನು ಇವನೊಬ್ಬನೇ. ನೋಡಿದ, ಬಳಸಿಕೊಂಡ, ಬಳಸಿಕೊಳ್ಳುವಾಗ ಅವಳ ಹೆಸರನ್ನೂ, ನಡುನಡುವೆ ಅವಳು ಬರೆದಿದ್ದ ಟಿಪ್ಪಣಿಗಳನ್ನೂ ಅಳಿಸಿದ. ಸಾಹೇಬರು ಬೆನ್ನು ತಟ್ಟಿದರು. ಬೆನ್ನು ತಟ್ಟಿಸಿಕೊಂಡ ಮೇಲೆ ನಿಜ ಹೇಳುವುದು ಕಷ್ಟ. ಇವತ್ತು ಹೇಳಿದರಾಯಿತು, ನಾಳೆ ಹೇಳಿದರಾಯಿತು ಎಂದು ದಿನ ದೂಡುವಷ್ಟರಲ್ಲಿ ತರಬೇತಿ ಕೊಡುವ ಮೈಕೇ ಕೈಗೆ ಬಂದಿತ್ತು. ಸುಪ್ರಿಯಾ ಎರಡನೆಯ ಸಾಲಿನಲ್ಲಿ ಕೈಕಟ್ಟಿ ಕುಳಿತಿದ್ದಳು.

ಸಾಹೇಬರು ಕೇಳಿದ ಸಾಲಿನ ಅರ್ಥ ಇಷ್ಟೇ: ಹತ್ತು ಮೀಟರಿನೊಳಗೆ ಐದಕ್ಕಿಂತ ಹೆಚ್ಚು ಮನೆ ಬಂದರೆ ಅವನ್ನು ನಕ್ಷೆಗೆ ಹಾಕದೆ ಬೇರೆ ಪಟ್ಟಿ ಮಾಡು. ಯಾಕೆ ಎಂಬುದು ಭೀಮೇಶನಿಗೆ ಗೊತ್ತಿರಲಿಲ್ಲ. ಅಳಿಸಿದ ಟಿಪ್ಪಣಿಯಲ್ಲಿ ಅದರ ಬಗ್ಗೆ ಏನೋ ಇತ್ತು. ಮೊದಲ ಮಾತು ಮಾತ್ರ ನೆನಪಿಗೆ ಬಂತು. ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡ.

“ಫೀಲ್ಡಿನವರ ಆಟ ನಮಗೆ ಗೊತ್ತಿಲ್ವಾ ಸರ್? ಮನೆಗೆ ಹೋಗೋದೇ ಇಲ್ಲ, ಒಂದೇ ಕಡೆ ಕೂತು ಫೋನಲ್ಲಿ ನಲವತ್ತು ಮನೆ ತುಂಬಿಬಿಡ್ತಾರೆ, ಚುಕ್ಕೆ ಎಲ್ಲ ಅಲ್ಲೇ ಬೀಳುತ್ತೆ. ಜನ್ನಾಪುರದಲ್ಲಿ ನೀರಿನ ಟ್ಯಾಂಕಿಗೇ ಡೆಂಗ್ಯೂ ಬಂದಿತ್ತು! ಅಂಥ ಕಳ್ಳಾಟ ಹಿಡಿಯೋಕೇ ಈ ಸಾಲು ಹಾಕ್ದೆ.”

ಸಭೆ ಗೊಳ್ಳೆಂದು ನಕ್ಕಿತು. ಸಾಹೇಬರೂ ನಕ್ಕು ಚಪ್ಪಾಳೆ ತಟ್ಟಿದರು. ಸುಪ್ರಿಯಾ ನಗಲಿಲ್ಲ, ಹಿಂದಕ್ಕೆ ತಿರುಗಿ ನೋಡಿದಳು. ಕೊನೆಯ ಸಾಲಿನಲ್ಲಿ ಜನ್ನಾಪುರದ ಆಶಾ ಕಾರ್ಯಕರ್ತೆ ಹುಲಿಗೆಮ್ಮ ತಲೆ ತಗ್ಗಿಸಿ ಕುಳಿತಿದ್ದರು. “ಜನ್ನಾಪುರ ಅಂದ್ರೆ ನಿಮ್ಮ ಏರಿಯಾನೇ ಅಲ್ವೇನ್ರೀ?” ಎಂದು ಪಕ್ಕದವಳು ಮೊಣಕೈಯಿಂದ ತಿವಿದು ಕಿಸಕ್ಕೆಂದಳು.

ಟೀ ಬಿಡುವಿನಲ್ಲಿ ಹುಲಿಗೆಮ್ಮ ಮೆಟ್ಟಿಲ ಹತ್ತಿರ ಸುಪ್ರಿಯಾಳನ್ನು ಹಿಡಿದು ನಿಲ್ಲಿಸಿದ್ದರು. ಭೀಮೇಶ್ ಬದಿಯಿಂದ ಜಾರಿಕೊಳ್ಳಲು ನೋಡಿದ. ಆಗಲಿಲ್ಲ.

“ಟ್ಯಾಂಕಿನ ವಿಷ್ಯ ನಿನ್ನೊಬ್ಳಿಗೇ ಹೇಳಿದ್ದೆ ನಾನು. ಮಗಳ ಥರ ಬಂದು ಕೇಳ್ದೆ ಅಂತ ಹೇಳಿದ್ದೆ. ಇವ್ರಿಗೆ ಯಾಕೆ ಹೇಳ್ದೆ ಮಾರಾಯ್ತಿ?” ಎಂದರು ಹುಲಿಗೆಮ್ಮ. ಆಮೇಲೆ ಭೀಮೇಶನ ಕಡೆ ತಿರುಗಿದರು. “ಮನೆಗೇ ಹೋಗಿಲ್ಲ ಅಂದ್ರಲ್ಲ ಸರ್. ನಲವತ್ತೊಂದು ಮನೆ ಹತ್ತಿ ಇಳಿದಿದೀನಿ. ಫೋನ್ ಒತ್ತೋಕೆ ನಂಗೆ ಬೆರಳು ಓಡಲ್ಲ, ಜ್ವರದೋರನ್ನ ಬಾಗಿಲಲ್ಲಿ ಎಷ್ಟೊತ್ತು ನಿಲ್ಲಿಸ್ಲಿ? ನೋಟ್‌ಬುಕ್ಕಿಗೆ ಬರ್ಕೊಂಡು, ಟ್ಯಾಂಕಿನ ನೆರಳಲ್ಲಿ ಕೂತು ಫೋನಿಗೆ ತುಂಬಿದೆ. ಅದು ನಾನು ಕೂತ ಜಾಗನೇ ಹಿಡ್ಕೊಳ್ಳುತ್ತೆ ಅಂತ ನಂಗೇನು ಗೊತ್ತಿತ್ತು?”

ಸುಪ್ರಿಯಾ ‘ನಾನು ಹೇಳಿಲ್ಲ’ ಎಂದಿದ್ದರೆ ಸಾಕಿತ್ತು. ಅದನ್ನೂ ಹೇಳದೆ ಭೀಮೇಶನನ್ನೇ ನೋಡುತ್ತ ನಿಂತಳು. ಅವನು ಕದ್ದದ್ದು ಸಣ್ಣ ವಿಷಯ ಎಂದು ಇಷ್ಟು ದಿನ ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದ. ಈಗ ನಾಚಿಕೆಯಿಂದ ಹುಲಿಗೆಮ್ಮನ ಮುಖ ನೋಡಲಾಗಲಿಲ್ಲ.

“ಅವ್ರು ಹೇಳಿಲ್ಲಮ್ಮ,” ಎಂದ ಕೊನೆಗೆ. “ಸ್ಕ್ರಿಪ್ಟೇ ಅವ್ರದ್ದು. ನಾನು ಅವ್ರ ಹೆಸರು ಕಿತ್ತು ನಂದು ಹಾಕ್ಕೊಂಡೆ. ಟ್ಯಾಂಕಿನ ವಿಷ್ಯ ಅದ್ರಲ್ಲಿ ಬರೆದಿದ್ರು, ಯಾರು ಅಂತ ಹೆಸರಿರ್ಲಿಲ್ಲ. ನಾನು ಅರ್ಧ ಓದಿ ಅಳಿಸ್ದೆ.”

ಸುಪ್ರಿಯಾ ಫೋನು ತೆಗೆದು ಆ ಟಿಪ್ಪಣಿಯನ್ನು ಹುಲಿಗೆಮ್ಮನಿಗೆ ಓದಿ ಹೇಳಿದಳು: “‘ಜನ್ನಾಪುರದಲ್ಲಿ ಟ್ಯಾಂಕಿನ ಹತ್ತಿರ ಒಂದೇ ಕಡೆ ನಲವತ್ತೊಂದು ಮನೆ ಬಂದಿವೆ. ಕಾರ್ಯಕರ್ತೆ ಎಲ್ಲ ಮನೆಗೂ ಹೋಗಿದ್ದಾರೆ, ನೋಟ್‌ಬುಕ್ ನಾನೇ ನೋಡಿದ್ದೇನೆ. ಹೀಗೆ ಬಂದ ಪಟ್ಟಿಯನ್ನು ಅವರ ಕೈಗೇ ಕೊಡಿ, ಮನೆಯ ಜಾಗ ಅವರೇ ತೋರಿಸುತ್ತಾರೆ. ದಯವಿಟ್ಟು ಯಾರನ್ನೂ ಗದರಬೇಡಿ.’”

ಹುಲಿಗೆಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಒಳಗಿನಿಂದ ಸಾಹೇಬರ ದನಿ ಕೇಳಿತು, ಎಲ್ಲರೂ ಬನ್ನಿ, ಶುರು ಮಾಡೋಣ ಎಂದು. ಜನ ಲೋಟ ಇಟ್ಟು ಒಳಗೆ ಹೋಗತೊಡಗಿದರು.

“ತಪ್ಪಾಯ್ತು,” ಎಂದ ಭೀಮೇಶ್, ದನಿ ತಗ್ಗಿಸಿ. “ಸುಪ್ರಿಯಾ, ಈಗ್ಲೇ ನನ್ನ ಹೆಸರು ತೆಗೆದು ನಿಮ್ಮದು ಹಾಕ್ತೀನಿ.”

“ನನ್ನ ಹೆಸರು ನಾಳೆ ಹಾಕಿ, ಅವಸರ ಇಲ್ಲ,” ಎಂದಳು ಸುಪ್ರಿಯಾ. “ಇವ್ರನ್ನ ನೋಡಿ ನಕ್ಕೋರೆಲ್ಲ ಒಳಗಿದಾರೆ. ನೀವು ಇಲ್ಲಿ ಮೆಟ್ಟಿಲ ಮೇಲೆ ನಿಂತು ಯಾರಿಗೆ ಹೇಳ್ತಾ ಇದೀರಿ?”