ಕೊಕ್ಕರೆ ನಾಟಕಶಾಲೆಯ ಕೊನೆಯ ಉಸಿರು

"ಒಂದು ಮಾತು ಸುಳ್ಳಾದ್ರೆ ಈ ಬಿಯರು ನನ್ನ ಗಂಟಲಲ್ಲೇ ನಿಂತುಬಿಡ್ಲಿ, ಸ್ವಾಮಿ."

ಪಡಖಾನೆಯಲ್ಲಿ, ಬಟ್ಟೆ ಸುತ್ತಿದ ಎರಡೂ ಪಾದಗಳನ್ನು ಸ್ಟೂಲಿನ ಮೇಲೆ ಚಾಚಿ ಕುಳಿತಿದ್ದ ಮಾತುಗಾರ ಆಣೆಯಿಟ್ಟ. ಎದುರಿಗಿದ್ದ ಅಪರಿಚಿತ ಅವನ ಲೋಟ ತುಂಬಿಸಿದ. ತಾನು ನಾಟಕಶಾಲೆಯ ನೆಲದ ಒಡೆಯ ಹ್ಯಾಚರನ ಕಡೆಯವನೆಂದು ಹೇಳಲಿಲ್ಲ. ಬೀದಿಯಾಚೆ ನಾಟಕಶಾಲೆಯ ಮುಂದೆ ಕೊಡಲಿ ಹಿಡಿದ ಬಡಗಿಗಳು ತನ್ನ ಸನ್ನೆಗೆ ಕಾಯುತ್ತಿದ್ದಾರೆಂದೂ ಹೇಳಲಿಲ್ಲ.

ಲಂಡನ್ನಿನ ಕೋಟೆಗೋಡೆಯಾಚೆ, ಶೋರ್ಡಿಚ್ಚಿನಲ್ಲಿ ಎಲ್ಲರಿಗೂ ಗೊತ್ತಿತ್ತು: ಕೊಕ್ಕರೆ ನಾಟಕಶಾಲೆಯ ಗೇಣಿ ವರ್ಷಗಳ ಲೆಕ್ಕದ್ದಲ್ಲ, ಜೀವಗಳ ಲೆಕ್ಕದ್ದು. ಕರಾರಿನಲ್ಲಿ ಹೆಸರಿದ್ದ ಮೂವರು ನಟರಲ್ಲಿ ಕೊನೆಯವನು ಉಸಿರಾಡುವ ತನಕ ನೆಲ ತಂಡದ್ದು. ಆ ಉಸಿರು ನಿಂತ ದಿನವೇ ನೆಲವೂ ಅದರ ಮೇಲಿನ ಮರಮಟ್ಟೂ ಒಡೆಯನದು. ಇಬ್ಬರನ್ನು ಪ್ಲೇಗು ತಿಂದಿತ್ತು. ಉಳಿದವನು ಆಂಬ್ರೋಸ್.

"ಅವನನ್ನ ಮೊಟ್ಟೆ ಥರ ಕಾಪಾಡಿದ್ರು. ದೋಣಿ ಹತ್ತಬೇಡ, ಕುಡೀಬೇಡ, ಕತ್ತಿ ಮುಟ್ಟಬೇಡ. ಸೀನಿದ್ರೆ ಇಡೀ ತಂಡ ಮೊಣಕಾಲೂರಿ ಪ್ರಾರ್ಥನೆ! ಪಾಪ, ಅದೂ ಒಂದು ಬಾಳಾ? ಮೊನ್ನೆ ಹಠ ಹಿಡಿದು ರಂಗಕ್ಕೆ ಬಂದ. ಸಾಯೋ ರಾಜನ ಪಾತ್ರ. ಬಿದ್ದ."

"ಬಿದ್ದು?"

"ಏಳಲೇ ಇಲ್ಲ. ಗೊತ್ತಲ್ಲ, ಎಂಥ ಗೋಳಿನ ನಾಟಕ ಆದ್ರೂ ಕೊನೇಲಿ ಸತ್ತವರೆಲ್ಲ ಎದ್ದು ಕುಣೀಬೇಕು. ಮೇಲಿನ ಪ್ರೇಕ್ಷಕರ ಅಟ್ಟದಲ್ಲಿ ನೋಡಿದ್ರೆ ಹ್ಯಾಚರ್ ಕೂತಿದ್ದಾನೆ, ಕುತ್ತಿಗೆ ಚಾಚ್ಕೊಂಡು, ರಣಹದ್ದು! ಇಬ್ಬರು ಕಂಕುಳಿಗೆ ಕೈ ಕೊಟ್ಟು ಎತ್ತಿ ಕುಣಿಸಿದ್ರು. ಮರದ ಕೊರಡು ಸ್ವಾಮಿ, ಮರದ ಕೊರಡು. ತಲೆ ಜೋತಾಡ್ತಿದೆ. ಮೆಟ್ಟು ಕಳಚಿಹೋಗಿ, ಹಲಗೆ ಮೇಲೆ ಎಳೆದೂ ಎಳೆದೂ ಪಾದದ ಚರ್ಮ ಕಿತ್ತುಬಂತು. ಜನ ಶಿಳ್ಳೆ! ಒಡೆಯ ಸಪ್ಪೆ ಮೋರೆ ಹಾಕ್ಕೊಂಡು ಮನೆಗೆ ಹೋದ."

ಅಪರಿಚಿತ ಕೈಗವಸು ಹಾಕಿಕೊಂಡ. "ಆಣೆ ಇಟ್ಟಿದ್ದೀಯ."

"ಒಂದಕ್ಷರ ಸುಳ್ಳಿಲ್ಲ. ಆದ್ರೆ ಮಜಾ ಇರೋದೇ ಈಗ. ಒಳಗೆ ಹೊತ್ಕೊಂಡು ಹೋಗಿ ಮಲಗಿಸಿ, ಎಲ್ಲಾರೂ ಗೋಳೋ ಅಂತ ಅಳ್ತಿರ್ಬೇಕಾದ್ರೆ, ರಾಜನ ಅಂಗಿಯೊಳಗಿಂದ ಒಂದು ಖಾಲಿ ಬ್ರಾಂದಿ ಬುಂಡೆ—"

ಎದುರಿನ ಬೆಂಚು ಬರಿದಾಗಿತ್ತು.

"ಸ್ವಾಮಿ! ಇನ್ನೂ ಮುಗಿದಿಲ್ಲ! ಕೇಳಿಸ್ಕೊಂಡು ಹೋಗಿ!"

ಮಾತುಗಾರ ಏಳಲು ನೋಡಿದ. ಪಾದ ನೆಲ ಮುಟ್ಟಿದ್ದೇ ಕುಸಿದ. ಬೀದಿಯಾಚೆ ಮೊದಲ ಕೊಡಲಿಯೇಟು ಬಿತ್ತು. ಅವನು ಮತ್ತೆ ಕೂಗಿದ; ಮರ ಸೀಳುವ ಸದ್ದಿನಲ್ಲಿ ಅದು ಅವನಿಗೇ ಕೇಳಿಸಲಿಲ್ಲ.

ಪಡಖಾನೆಯ ಮಾರ್ಜರಿ ಒಳಗಿನಿಂದ ಬಂದು ಖಾಲಿ ಬೆಂಚು ನೋಡಿ ನಕ್ಕಳು.

"ಇವನೂ ನಿನ್ನ ಕಥೆ ಅರ್ಧಕ್ಕೇ ಬಿಟ್ಟು ಓಡಿದನಾ, ಆಂಬ್ರೋಸಣ್ಣ?"