ಅರ್ಧ ಗಂಟೆಯ ಅಂಟು

ತೀರಿಕೊಂಡ ಮಗಳು ಕಟ್ಟಿದ್ದ ಥರ್ಮಾಕೋಲ್ ವಿಮಾನದ ಮುರಿದ ರೆಕ್ಕೆಯನ್ನು ಆಕೆ ಮೂರನೇ ಸಲ ಅಂಗಡಿಗೆ ತಂದಳು.

"ಐದು ನಿಮಿಷಕ್ಕೆ ಹಿಡಿಯೋ ಅಂಟಿದೆ ಮೇಡಂ," ಎಂದ ಅಂಗಡಿಯವನು.

"ಅರ್ಧ ಗಂಟೇದೇ ಕೊಡಿ."

"ಎರಡೂ ಟ್ಯೂಬು ಸಮ ಬೆರೆಸಿ, ಕಿಟಕಿ ತೆಗೆದಿಟ್ಟು ಹಚ್ಚಿ, ಕೈಗೆ ತಾಗಿಸ್ಕೋಬೇಡಿ. ತಕ್ಷಣ ಹಿಡಿಯೋ ಕ್ವಿಕ್ ಗಮ್ ಮಾತ್ರ ಹಾಕ್ಬೇಡಿ, ಥರ್ಮಾಕೋಲ್ ಕರಗಿಹೋಗುತ್ತೆ. ಒಣಗೋವರೆಗೆ ಕ್ಲಿಪ್ ಹಾಕಿಡಿ."

"ಕ್ಲಿಪ್ ಬೇಡ. ಒಂದು ಕಡೆ ನಾನು, ಇನ್ನೊಂದು ಕಡೆ ನಮ್ಮನೆಯವರು ಹಿಡ್ಕೊಂಡು ಕೂರ್ತೀವಿ. ಅವಳು ಹೋದ್ಮೇಲೆ ನಾವಿಬ್ರೂ ಒಟ್ಟಿಗೆ ಕೂರೋದು ಆಗ ಮಾತ್ರ."

ಅಂಗಡಿಯವನು ಟ್ಯೂಬುಗಳನ್ನು ಕವರಿಗೆ ಹಾಕಿದ.

"ಹಾಗಿದ್ರೆ ರೆಕ್ಕೆ ನೀವೇ ಮುರೀತೀರಾ?"

"ಎರಡು ಸಲ ನಾನೇ ಮುರಿದೆ. ಈ ಸಲ ಮುರಿದಿದ್ದು ಅವರು."